ಪ್ರಾಚೀನ ಅರಸರು ಮತ್ತು ಸೇನಾನಿಗಳಿಂದ ನಾಯಕತ್ವ ಕಲಿಯುವ ಬಗೆ: ಸಮಗ್ರ ಮಾರ್ಗದರ್ಶಿ

ಅಲೆಕ್ಸಾಂಡರನ ಕೆಚ್ಚು, ಹ್ಯಾನಿಬಲನ ಯುಕ್ತಿ, ಅಶೋಕನ ಪಶ್ಚಾತ್ತಾಪ. ಇವನ್ನೆಲ್ಲ ನಾವು ಶಾಲೆಯ ದಿನಗಳಿಂದ ಕೇಳುತ್ತಲೇ ಬಂದಿದ್ದೇವೆ. ನಾಯಕತ್ವದ ತರಬೇತಿಗಳಲ್ಲೂ ಇವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಆದರೆ ಅಲ್ಲಿ ಕೊನೆಗೆ ಸಿಗುವುದು "ಧೈರ್ಯವಿರಲಿ, ದೂರದೃಷ್ಟಿಯಿರಲಿ, ಜೊತೆಗಾರರನ್ನು ಪ್ರೀತಿಸಿ" ಎಂಬಂಥ ಉಪದೇಶ. ಹತ್ತು ಜನರ ತಂಡ ನಡೆಸುವವರಿಗೆ, ನಾಳೆ ಬೆಳಿಗ್ಗೆ ಕಷ್ಟದ ತೀರ್ಮಾನವೊಂದನ್ನು ಹೇಳಬೇಕಾದವರಿಗೆ ಇದರಿಂದ ಆಗುವ ಉಪಯೋಗ ಬಹಳ ಕಡಿಮೆ.

ಇತಿಹಾಸದಲ್ಲಿ ಕಲಿಯಲು ಸಿಗುವುದು ನಿರ್ಧಾರಗಳು. ಅರೆಬರೆ ಸುದ್ದಿ, ದಣಿದ ಜನ, ಒಬ್ಬೊಬ್ಬರದು ಒಂದೊಂದು ಮಾತು, ಯೋಚಿಸಲು ಸಮಯವಿಲ್ಲ. ಇಂಥ ಸ್ಥಿತಿಯಲ್ಲಿ ಒಬ್ಬ ಮನುಷ್ಯ ಏನು ಮಾಡಿದ, ಯಾಕೆ ಮಾಡಿದ, ಆಮೇಲೆ ಏನಾಯಿತು ಎಂದು ಹತ್ತಿರದಿಂದ ನೋಡಿದರೆ ಎರಡು ಸಾವಿರ ವರ್ಷ ಹಳೆಯ ಘಟನೆಯೂ ಕೆಲಸಕ್ಕೆ ಬರುತ್ತದೆ. ಹಾಗೆ ನೋಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಒಂದು ನೋಟ್‌ಬುಕ್, ಒಂದೆರಡು ಒಳ್ಳೆಯ ಇತಿಹಾಸದ ಪುಸ್ತಕ, ವಾರಕ್ಕೆ ಎರಡು ಮೂರು ಗಂಟೆ ಇದ್ದರೆ ಸಾಕು.

ಹಂತ 1: ವ್ಯಕ್ತಿಯನ್ನು ಬಿಟ್ಟು ಒಂದು ನಿರ್ಧಾರವನ್ನು ಹಿಡಿಯಿರಿ

"ಅಲೆಕ್ಸಾಂಡರ್" ಎಂಬ ವಿಷಯ ಅಧ್ಯಯನಕ್ಕೆ ತೀರಾ ದೊಡ್ಡದು. "ಕ್ರಿ.ಪೂ. 326ರಲ್ಲಿ ಬಿಯಾಸ್ ನದಿಯ ದಡದಲ್ಲಿ ಸೈನಿಕರು ಮುಂದೆ ಹೋಗಲು ಒಪ್ಪದಿದ್ದಾಗ ಅವನು ಏನು ಮಾಡಿದ?" ಎಂಬುದು ಸರಿಯಾದ ಅಳತೆ. ಮೊದಲನೆಯದನ್ನು ಹಿಡಿದರೆ ಜೀವನಚರಿತ್ರೆ ಓದಿ, ಮೆಚ್ಚಿ, ಪುಸ್ತಕ ಮುಚ್ಚಿಡುತ್ತೀರಿ. ಎರಡನೆಯದನ್ನು ಹಿಡಿದರೆ ಪ್ರಶ್ನೆಗಳು ಏಳುತ್ತವೆ.

ಆರಿಸಿಕೊಳ್ಳುವ ಘಟನೆಯಲ್ಲಿ ಕನಿಷ್ಠ ಎರಡು ದಾರಿಗಳು ನಿಜವಾಗಿಯೂ ತೆರೆದಿರಬೇಕು. ಅದರ ಪರಿಣಾಮ ಕೆಲವು ವರ್ಷಗಳವರೆಗಾದರೂ ನಮಗೆ ಗೊತ್ತಿರಬೇಕು. ಗೆದ್ದ ನಿರ್ಧಾರಗಳಷ್ಟೇ ಸಂಖ್ಯೆಯಲ್ಲಿ ಸೋತವೂ ನಿಮ್ಮ ಪಟ್ಟಿಯಲ್ಲಿರಬೇಕು. ಗೆದ್ದೆತ್ತಿನ ಬಾಲ ಹಿಡಿಯುವುದು ಇತಿಹಾಸ ಓದುವವರಿಗೂ ಅಂಟುವ ಚಾಳಿ. ಅದೇ ಧೈರ್ಯ, ಅದೇ ಹಠ ತೋರಿಸಿ ಮಣ್ಣುಪಾಲಾದವರನ್ನು ನೋಡದೆ ಹೋದರೆ ಗೆಲುವಿಗೆ ಹಠವೇ ಕಾರಣ ಎಂದು ತಪ್ಪಾಗಿ ತಿಳಿಯುತ್ತೇವೆ.

ಹಂತ 2: ಈ ಕಥೆ ಹೇಳಿದವರು ಯಾರು ಎಂದು ಕೇಳಿ

ಈಜಿಪ್ಟಿನ ಎರಡನೇ ರಾಮ್ಸೆಸ್ ಸುಮಾರು ಕ್ರಿ.ಪೂ. 1274ರಲ್ಲಿ ಕಾದೇಶ್ ಎಂಬಲ್ಲಿ ಅಂದಿನ ಇನ್ನೊಂದು ಬಲಿಷ್ಠ ರಾಜ್ಯದವರಾದ ಹಿಟ್ಟೈಟರ ಮೇಲೆ ಯುದ್ಧ ಮಾಡಿದ. ಕಾರ್ನಾಕ್, ಲಕ್ಸರ್, ಅಬು ಸಿಂಬೆಲ್ ದೇವಾಲಯಗಳ ಗೋಡೆಗಳನ್ನು ನೋಡಿದರೆ ಅದು ಅರಸ ಏಕಾಂಗಿಯಾಗಿ ಗೆದ್ದ ಮಹಾವಿಜಯ. ಹಿಟ್ಟೈಟರ ದಾಖಲೆಗಳು ಬೇರೆಯೇ ಹೇಳುತ್ತವೆ. ಯುದ್ಧದ ನಂತರವೂ ಕಾದೇಶ್ ಹಿಟ್ಟೈಟರ ಕೈಯಲ್ಲೇ ಉಳಿಯಿತು. ಗೋಡೆಯನ್ನಷ್ಟೇ ಓದಿದವರು ರಾಮ್ಸೆಸನ ಪರಾಕ್ರಮ ಕಲಿಯುತ್ತಾರೆ. ಎರಡೂ ಕಡೆಯದನ್ನು ಓದಿದವರಿಗೆ, ಎಡವಿದ ಸೇನಾನಿ ಸರ್ವನಾಶದಿಂದ ಹೇಗೆ ಪಾರಾದ ಎಂಬ ಹೆಚ್ಚು ಬೆಲೆಯ ಪಾಠ ಸಿಗುತ್ತದೆ.

ಇಮ್ಮಡಿ ಪುಲಕೇಶಿಯ ವಿಷಯವೂ ಹೀಗೆಯೇ. ಹರ್ಷನನ್ನು ಅವನು ತಡೆದದ್ದನ್ನು ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹಾಡಿ ಹೊಗಳಿದ್ದಾನೆ. ಆಶ್ರಯದಲ್ಲಿದ್ದ ಕವಿಯ ಮಾತು ಎಂದು ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಪುಲಕೇಶಿಯಿಂದ ಏನೂ ಪಡೆಯಬೇಕಿಲ್ಲದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕೂಡ ಹರ್ಷನಿಗೆ ಈ ಅರಸನನ್ನು ಮಣಿಸಲಾಗಲಿಲ್ಲ ಎಂದು ಬರೆದಿದ್ದಾನೆ. ಆದರೆ ಆ ಶಾಸನ ಹುಟ್ಟಿದ್ದು 634ರ ಸುಮಾರಿಗೆ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ವಶಪಡಿಸಿಕೊಂಡ ಸಂಗತಿ ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಹೊಗಳಿಕೆ ಯಾವ ವರ್ಷಕ್ಕೆ ನಿಂತಿತು ಎಂಬುದನ್ನೂ ನೋಡಬೇಕು.

ನೋಟ್‌ಬುಕ್ಕಿನ ಪುಟದ ತಲೆಯಲ್ಲಿ ಮೂರು ಸಾಲು ಬರೆದುಕೊಳ್ಳಿ: ಹೇಳಿದವರು ಯಾರು, ಘಟನೆ ನಡೆದು ಎಷ್ಟು ಕಾಲಕ್ಕೆ ಹೇಳಿದರು, ಇದರಿಂದ ಅವರಿಗೆ ಲಾಭವಿತ್ತೇ. ಜೂಲಿಯಸ್ ಸೀಸರ್ ತನ್ನ ಯುದ್ಧಗಳ ವರದಿಯನ್ನು ತಾನೇ ಬರೆದವನು. ಅಲೆಕ್ಸಾಂಡರನ ಬಗ್ಗೆ ನಾವು ಹೆಚ್ಚು ನೆಚ್ಚುವ ಗ್ರೀಕ್ ಇತಿಹಾಸಕಾರ ಏರಿಯನ್ ಅವನಿಗಿಂತ ಸುಮಾರು ನಾನ್ನೂರು ವರ್ಷ ಈಚಿನವನು. ಇಷ್ಟು ಗೊತ್ತಿದ್ದರೆ ಎಲ್ಲಿ ನಂಬಬೇಕು, ಎಲ್ಲಿ ನಿಂತು ಯೋಚಿಸಬೇಕು ಎಂಬ ಅಂದಾಜು ತಾನಾಗಿ ಬರುತ್ತದೆ.

ಹಂತ 3: ಕೊನೆಯನ್ನು ಮುಚ್ಚಿಟ್ಟು ಓದಿ

ಇದು ಇಡೀ ಅಭ್ಯಾಸದ ಜೀವಾಳ. ಕಥೆಯ ಅಂತ್ಯ ಗೊತ್ತಿರುವುದರಿಂದ ನಮಗೆ ಎಲ್ಲವೂ ಸುಲಭವಾಗಿ ಕಾಣುತ್ತದೆ. ನಿರ್ಧಾರದ ದಿನದವರೆಗೆ ಮಾತ್ರ ಓದಿ, ಪುಸ್ತಕ ಮುಚ್ಚಿ, ನೀವು ಅಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕಾರಣ ಸಮೇತ ಬರೆಯಿರಿ. ಆಮೇಲೆ ಮುಂದೆ ಓದಿ.

ಕ್ರಿ.ಪೂ. 217ರ ರೋಮನ್ನೇ ತೆಗೆದುಕೊಳ್ಳಿ. ರೋಮಿನ ಎದುರಾಳಿಯಾದ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಸೇನಾನಿ, ಹಿಂದಿನ ವರ್ಷ ಆಲ್ಪ್ಸ್ ದಾಟಿ ಬಂದ ಹ್ಯಾನಿಬಲ್ ಟ್ರೆಬಿಯಾದಲ್ಲಿ ಗೆದ್ದಿದ್ದಾನೆ, ಈಗ ಟ್ರಾಸಿಮೀನ್ ಸರೋವರದ ಬಳಿ ಇನ್ನೊಂದು ಸೈನ್ಯವನ್ನು ಅಳಿಸಿಹಾಕಿದ್ದಾನೆ. ಫೇಬಿಯಸ್ ಮ್ಯಾಕ್ಸಿಮಸ್‌ನನ್ನು ಸರ್ವಾಧಿಕಾರಿಯಾಗಿ ನೇಮಿಸಲಾಗಿದೆ. ಬೆಳೆದ ಪೈರು ಸುಡುತ್ತಿದೆ, ಜನ ಯುದ್ಧ ಮಾಡು ಎನ್ನುತ್ತಿದ್ದಾರೆ. ಇಲ್ಲಿಗೆ ನಿಲ್ಲಿಸಿ. ನೀವೇನು ಮಾಡುತ್ತೀರಿ?

ಫೇಬಿಯಸ್ ಎದುರಾಎದುರು ಕಾದಾಡಲೇ ಇಲ್ಲ. ಬೆಟ್ಟದ ಸಾಲು ಬಿಟ್ಟು ಇಳಿಯದೆ ಶತ್ರುವಿನ ಬೆನ್ನಿಗೇ ಸಾಗಿದ, ಮೇವು ದವಸ ತರಲು ಹೋದ ತುಕಡಿಗಳನ್ನಷ್ಟೇ ಹೊಡೆದ. ಹ್ಯಾನಿಬಲನ ಸೈನ್ಯಕ್ಕೆ ಹೊಸ ಜನ ಬರುವುದು ಕಷ್ಟ, ರೋಮಿಗೆ ಜನಬಲವಿದೆ, ಕಾಲ ರೋಮಿನ ಪಕ್ಷದಲ್ಲಿದೆ ಎಂಬ ಲೆಕ್ಕ ಅವನದು. ಲೆಕ್ಕ ಸರಿಯಾಗಿತ್ತು, ಆದರೆ ಅದರ ಬೆಲೆ ತೆರಬೇಕಾದವನು ಅವನೇ. ಸ್ವಂತ ಜನರೇ ಅವನನ್ನು ಹೇಡಿ ಎಂದರು. ಹ್ಯಾನಿಬಲ್ ಸುತ್ತಲಿನ ಹೊಲಗಳನ್ನೆಲ್ಲ ಸುಟ್ಟು ಫೇಬಿಯಸನ ಜಮೀನನ್ನು ಮಾತ್ರ ಬೇಕೆಂದೇ ಮುಟ್ಟದೆ ಬಿಟ್ಟ. ಇಬ್ಬರಿಗೂ ಒಳಒಪ್ಪಂದವಿದೆ ಎಂಬ ಅನುಮಾನ ಎದ್ದಿತು. ಅದೇ ಹೊತ್ತಿಗೆ ಸೆರೆಯಾಳುಗಳ ಬಿಡುಗಡೆಗೆ ತಾನು ಒಪ್ಪಿದ್ದ ಹಣವನ್ನು ಕೊಡಲು ರೋಮಿನ ಸೆನೆಟ್ ಹಿಂದೆಮುಂದೆ ನೋಡಿದಾಗ, ಫೇಬಿಯಸ್ ಆ ಜಮೀನನ್ನೇ ಮಗನ ಮೂಲಕ ಮಾರಿಸಿ ಹಣ ಕಟ್ಟಿದ ಎಂದು ರೋಮನ್ ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ಅನುಮಾನಕ್ಕೆ ಉತ್ತರವಾಗಿ ಅವನು ಭಾಷಣ ಮಾಡಲಿಲ್ಲ, ಅನುಮಾನದ ಮೂಲವನ್ನೇ ಕೈಯಿಂದ ಕಳಚಿಕೊಂಡ.

ನಿಮ್ಮ ಉತ್ತರ ಅವನದಕ್ಕಿಂತ ಬೇರೆಯಾಗಿದ್ದರೆ ಬೇಸರ ಬೇಡ. ಯಾವ ಸಂಗತಿಗೆ ಅವನು ನಿಮಗಿಂತ ಹೆಚ್ಚು ತೂಕ ಕೊಟ್ಟ ಎಂದು ಹುಡುಕಿ. ಆ ವ್ಯತ್ಯಾಸವೇ ನಿಮ್ಮ ಪಾಠ. ಫೇಬಿಯಸನ ಮಾತನ್ನು ಬದಿಗಿಟ್ಟ ರೋಮ್ ಮರುವರ್ಷವೇ ಕ್ಯಾನೆಯಲ್ಲಿ ಎಂಬತ್ತು ಸಾವಿರದಷ್ಟು ಕಾಲಾಳುಗಳನ್ನು ಒಂದೇ ಮೈದಾನಕ್ಕೆ ಇಳಿಸಿತು. ಅದರ ಅರ್ಧದಷ್ಟು ಕಾಲಾಳುಗಳಿದ್ದ ಹ್ಯಾನಿಬಲ್ ಅವರನ್ನು ಸುತ್ತುವರಿದು ಮುಗಿಸಿದ.

ಹಂತ 4: ಸುದ್ದಿ ಬಂದ ದಾರಿಯನ್ನು ಗುರುತಿಸಿ

ಕೆಟ್ಟ ನಿರ್ಧಾರಗಳ ಬೆನ್ನು ಹತ್ತಿ ಹೋದರೆ ಹೆಚ್ಚಿನ ಸಲ ಸಿಗುವುದು ನಾಯಕನವರೆಗೆ ತಲುಪದ ಸುದ್ದಿ, ಇಲ್ಲವೇ ತಲುಪಿದರೂ ಅವನು ಕಿವಿಗೆ ಹಾಕಿಕೊಳ್ಳದ ಸುದ್ದಿ. ಕಾದೇಶಿನಲ್ಲಿ ಇಬ್ಬರು ಅಲೆಮಾರಿಗಳು ರಾಮ್ಸೆಸನ ಬಳಿ ಬಂದು, ಹಿಟ್ಟೈಟ್ ಅರಸ ದೂರದ ಅಲೆಪ್ಪೊದಲ್ಲಿದ್ದಾನೆ ಎಂದರು. ಅವರನ್ನು ಕಳಿಸಿದವನೇ ಹಿಟ್ಟೈಟ್ ಅರಸ. ಕಿವಿಗೆ ಹಿತವಾದ ಮಾತನ್ನು ಪರೀಕ್ಷಿಸದೆ ರಾಮ್ಸೆಸ್ ಒಂದು ದಳದೊಡನೆ ಮುಂದೆ ಹೋದ. ಸೆರೆಸಿಕ್ಕ ಬೇರೆ ಗೂಢಚಾರರನ್ನು ಹೊಡೆದು ಬಾಯಿ ಬಿಡಿಸಿದಾಗ ಶತ್ರು ಕೋಟೆಯ ಹಿಂದೆಯೇ ಅಡಗಿರುವುದು ತಿಳಿಯಿತು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ಮೂರು ಲೀಜನ್ (ರೋಮನ್ ಸೇನೆಯ ದೊಡ್ಡ ದಳ) ಕಳೆದುಕೊಂಡ ರೋಮನ್ ಸೇನಾನಿ ವಾರಸ್‌ಗೆ ಸುದ್ದಿ ಬಂದೇ ಇತ್ತು. ಜರ್ಮನ್ ಮುಖಂಡ ಅರ್ಮಿನಿಯಸ್ ದ್ರೋಹ ಬಗೆಯುತ್ತಿದ್ದಾನೆ, ಬೇಕಾದರೆ ನನ್ನನ್ನೂ ಸೇರಿಸಿ ಎಲ್ಲ ಮುಖಂಡರನ್ನೂ ಬಂಧಿಸು ಎಂದು ಇನ್ನೊಬ್ಬ ಜರ್ಮನ್ ಮುಖಂಡ ಸೆಗೆಸ್ಟಿಸ್ ಹೇಳಿದ್ದ. ವಾರಸ್ ನಂಬಲಿಲ್ಲ. ಅರ್ಮಿನಿಯಸ್ ರೋಮಿನ ಪೌರತ್ವ ಪಡೆದವನು, ಜೊತೆಯಲ್ಲೇ ಊಟ ಮಾಡುವವನು.

ಇದಕ್ಕೆ ಎದುರಾಗಿ ಅಶೋಕನ ಆರನೆಯ ಬಂಡೆಗಲ್ಲು ಶಾಸನ ಓದಿ. ನಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಮಲಗುವ ಕೋಣೆಯಲ್ಲಿರಲಿ, ಉದ್ಯಾನದಲ್ಲಿರಲಿ, ಪ್ರಜೆಗಳ ವಿಷಯವನ್ನು ವರದಿಗಾರರು ಎಲ್ಲಿಗಾದರೂ ಬಂದು ತಿಳಿಸಬಹುದು ಎಂದು ಅವನು ಸಾರುತ್ತಾನೆ. ಇಲ್ಲಿಯವರೆಗೆ ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಮುಂದಿನ ಮಾತು ನನಗೆ ಇನ್ನೂ ದೊಡ್ಡದೆನಿಸುತ್ತದೆ: ನಾನು ಬಾಯಿಮಾತಿನಲ್ಲಿ ಕೊಟ್ಟ ಆಜ್ಞೆಯ ಬಗ್ಗೆ ಪರಿಷತ್ತಿನಲ್ಲಿ ಭಿನ್ನಾಭಿಪ್ರಾಯ ಎದ್ದರೆ ಅದನ್ನೂ ತಕ್ಷಣ ನನಗೆ ಮುಟ್ಟಿಸಬೇಕು. ತನ್ನ ಮಾತಿಗೆ ವಿರೋಧ ಬಂದದ್ದು ತನಗೆ ಬೇಗ ತಿಳಿಯಲಿ ಎಂದು ಕಲ್ಲಿನಲ್ಲಿ ಕೆತ್ತಿಸಿದ ಅರಸ ಅವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇನ್ನೊಂದು ಎಚ್ಚರವಿದೆ: ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರು ಗೂಢಚಾರರ ಮಾತು ಹೊಂದಿದರೆ ಮಾತ್ರ ಸುದ್ದಿಯನ್ನು ನಂಬಬೇಕು.

ನಿಮ್ಮ ಪುಟದಲ್ಲಿ ಒಂದು ಚಿತ್ರ ಬಿಡಿಸಿ. ನಡುವೆ ನಾಯಕ, ಸುತ್ತ ಅವನಿಗೆ ಸುದ್ದಿ ತಂದವರು. ಕೆಟ್ಟ ಸುದ್ದಿ ಯಾವ ಗೆರೆಯ ಮೇಲೆ ಬಂತು, ಎಲ್ಲಿ ನಿಂತಿತು ಎಂದು ಗುರುತು ಹಾಕಿ. ಪಕ್ಕದಲ್ಲೇ ನಿಮ್ಮದೇ ತಂಡದ ಅಂಥದ್ದೇ ಚಿತ್ರ ಬಿಡಿಸಿ. ಕಳೆದ ತಿಂಗಳು ನಿಮಗೆ ತಡವಾಗಿ ತಿಳಿದ ಒಂದು ಸಂಗತಿ ಯಾರ ಬಳಿ ನಿಂತಿತ್ತು, ಅವರು ಯಾಕೆ ಹೇಳಲಿಲ್ಲ ಎಂದು ಬರೆಯಿರಿ.

ಹಂತ 5: ಸೋತವರನ್ನು ಹೇಗೆ ನಡೆಸಿಕೊಂಡರು ಎಂದು ನೋಡಿ

ಒಂದು ರಾಜ್ಯದ ನಿಜಬಣ್ಣ ತಿಳಿಯುವುದು ಸೋಲಿನ ಮಾರನೆಯ ದಿನ. ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ಓದಲು ಸಮಯ ಕೊಡಿ.

ಕ್ರಿ.ಪೂ. 406ರಲ್ಲಿ ಅಥೆನ್ಸ್ ಆರ್ಗಿನುಸೆ ದ್ವೀಪಗಳ ಬಳಿ ಸ್ಪಾರ್ಟಾದ ನೌಕಾಪಡೆಯನ್ನು ಸೋಲಿಸಿತು. ಅದು ಗೆಲುವು. ಆದರೆ ಎದ್ದ ಬಿರುಗಾಳಿಯಲ್ಲಿ, ಒಡೆದ ಹಡಗುಗಳಿಗೆ ಜೋತುಬಿದ್ದಿದ್ದ ತಮ್ಮವರನ್ನು ರಕ್ಷಿಸಲಾಗಲಿಲ್ಲ. ಕಳೆದುಹೋದ ಹಡಗುಗಳೇ 25. ಊರಿನಲ್ಲಿ ಸಂಕಟ ಸಿಟ್ಟಾಗಿ ತಿರುಗಿತು. ಎಂಟು ದಂಡನಾಯಕರಿಗೆ ಒಟ್ಟಿಗೇ ಮರಣದಂಡನೆ ವಿಧಿಸಿದರು, ಊರಿಗೆ ಮರಳಿ ಬಂದಿದ್ದ ಆರು ಮಂದಿಯ ತಲೆದಂಡವಾಯಿತು. ಎಲ್ಲರನ್ನೂ ಒಂದೇ ಮತದಲ್ಲಿ ತೀರ್ಮಾನಿಸುವುದು ಕಾನೂನಿಗೆ ವಿರುದ್ಧ ಎಂದು ಅಂದು ಒಪ್ಪದೆ ನಿಂತವನು ಸಾಕ್ರಟೀಸ್. ಮರುವರ್ಷ ಈಗೊಸ್‌ಪೊಟಮಿಯಲ್ಲಿ ಅಥೆನ್ಸಿನ ನೌಕಾಪಡೆ ನಾಶವಾದಾಗ ದಂಡನಾಯಕ ಕೋನನ್ ಎಂಟು ಹಡಗುಗಳೊಡನೆ ತಪ್ಪಿಸಿಕೊಂಡ. ಅವನು ಊರಿಗೆ ಬರಲಿಲ್ಲ, ಸೈಪ್ರಸ್‌ಗೆ ಹೋದ. ಊರಿನಲ್ಲಿ ಏನು ಕಾದಿದೆ ಎಂಬುದು ಅವನಿಗೆ ಆರು ಜನರ ಗತಿಯಿಂದ ಗೊತ್ತಿದ್ದಿರಬೇಕು.

ಈಗ ಕ್ರಿ.ಪೂ. 216. ಕ್ಯಾನೆಯಲ್ಲಿ ರೋಮಿನ ಇಬ್ಬರು ಕಾನ್ಸುಲರಲ್ಲಿ (ಅಲ್ಲಿನ ಅತಿ ಮೇಲಿನ ಅಧಿಕಾರಿಗಳು) ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ವಾರೋ ಬದುಕುಳಿದಿದ್ದಾನೆ. ಯುದ್ಧಕ್ಕೆ ಅವಸರಪಟ್ಟವನೂ ಅವನೇ ಎಂದು ಲಿವಿ ಹೇಳುತ್ತಾನೆ. ಅವನು ಅಳಿದುಳಿದವರನ್ನು ಒಟ್ಟುಗೂಡಿಸಿ ರೋಮಿಗೆ ಮರಳಿದಾಗ ಎಲ್ಲ ವರ್ಗದ ಜನ ಊರಾಚೆ ಬಂದು ಎದುರುಗೊಂಡರು, ಗಣರಾಜ್ಯದ ಮೇಲೆ ಭರವಸೆ ಕಳೆದುಕೊಳ್ಳದ್ದಕ್ಕೆ ಕೃತಜ್ಞತೆ ಹೇಳಿದರು. ಸೋತ ಸೇನಾನಿಗಳನ್ನು ಶಿಲುಬೆಗೇರಿಸಿದ ಉದಾಹರಣೆಗಳು ಕಾರ್ಥೇಜಿನಲ್ಲಿವೆ. ಆ ಕಾಲದ ದೃಷ್ಟಿಯಿಂದ ರೋಮನರ ನಡೆ ಅಸಾಮಾನ್ಯ.

ಬಹಳ ಜನ ಇಲ್ಲಿಗೆ ನಿಲ್ಲಿಸಿ ರೋಮಿನ ಔದಾರ್ಯವನ್ನು ಮೆಚ್ಚುತ್ತಾರೆ. ದಯವಿಟ್ಟು ಇನ್ನೊಂದು ಪುಟ ಓದಿ. ಅದೇ ಯುದ್ಧದಲ್ಲಿ ಬದುಕುಳಿದ ಸಾಮಾನ್ಯ ಸೈನಿಕರನ್ನು ರೋಮ್ ಶಿಕ್ಷೆಯಾಗಿ ಸಿಸಿಲಿಗೆ ಅಟ್ಟಿತು, ಯುದ್ಧ ಮುಗಿಯುವವರೆಗೆ ಇಟಲಿಗೆ ಕಾಲಿಡಬೇಡಿ ಎಂದಿತು. ಮೇಲಿನವನಿಗೆ ಕೃತಜ್ಞತೆ, ಕೆಳಗಿನವರಿಗೆ ಗಡೀಪಾರು. ಎಷ್ಟೋ ವರ್ಷ ಅವರು ಆ ಕಳಂಕ ಹೊತ್ತು ಕೂತರು. ಕ್ರಿ.ಪೂ. 204ರಲ್ಲಿ ಆಫ್ರಿಕಕ್ಕೆ ಹೊರಟ ರೋಮನ್ ಸೇನಾನಿ ಸ್ಕಿಪಿಯೊ ಸಿಸಿಲಿಗೆ ಬಂದಾಗ ಇವರನ್ನೇ ಆರಿಸಿಕೊಂಡ. ಸ್ಕಿಪಿಯೊ ಸ್ವತಃ ಕ್ಯಾನೆಯಲ್ಲಿದ್ದವನು, ಸೋಲು ಇವರ ಹೇಡಿತನದಿಂದ ಆದದ್ದಲ್ಲ ಎಂದು ಅವನಿಗೆ ಗೊತ್ತಿತ್ತು. ಇವರಷ್ಟು ಅನುಭವಿಗಳು ಬೇರೆಲ್ಲೂ ಸಿಗುವಂತಿರಲಿಲ್ಲ. ಕ್ರಿ.ಪೂ. 202ರಲ್ಲಿ ಜಾಮಾದಲ್ಲಿ ಹ್ಯಾನಿಬಲನನ್ನು ಸೋಲಿಸಿದ ಸೈನ್ಯದಲ್ಲಿ ಅವರಿದ್ದರು.

ಈ ಒಂದು ಪ್ರಸಂಗವನ್ನು ಸರಿಯಾಗಿ ಓದಿದರೆ ಹಲವು ಪ್ರಶ್ನೆ ಕೈಗೆ ಬರುತ್ತವೆ. ನಿಮ್ಮಲ್ಲಿ ಕೆಲಸ ಕೆಟ್ಟಾಗ ಕ್ಷಮೆ ಯಾವ ಹುದ್ದೆಯವರಿಗೆ ಸಿಗುತ್ತದೆ, ಬೈಗುಳ ಯಾರಿಗೆ? ಹಿಂದಿನ ವಿಫಲ ಯೋಜನೆಯ ಹೆಸರು ಹೊತ್ತು ಮೂಲೆಗೆ ಸರಿದಿರುವ ಅನುಭವಿಗಳು ಯಾರು? ಅವರನ್ನು ಕರೆದು ಮಾತಾಡಿಸಿ ಎಷ್ಟು ದಿನವಾಯಿತು?

ಹಂತ 6: ಕಾಲಾಳಿನ ಪಕ್ಕದಲ್ಲಿ ನಿಂತು ನೋಡಿ

ಕ್ರಿ.ಪೂ. 401. ಪರ್ಷಿಯದ ಒಳನಾಡಿನಲ್ಲಿ ಸಿಕ್ಕಿಬಿದ್ದ ಗ್ರೀಕ್ ಕೂಲಿ ಸೈನಿಕರು ತಮ್ಮ ಸೇನಾನಿಗಳನ್ನು ಮೋಸದಲ್ಲಿ ಕಳೆದುಕೊಂಡು, ಹೊಸಬರನ್ನು ಆರಿಸಿಕೊಂಡು ಊರಿನತ್ತ ಹೊರಟಿದ್ದಾರೆ. ಒಂದು ದಿಬ್ಬವನ್ನು ಶತ್ರುವಿಗಿಂತ ಮೊದಲು ಹತ್ತಬೇಕು. ಹೊಸ ಸೇನಾನಿಗಳಲ್ಲಿ ಒಬ್ಬನಾದ ಝೆನೊಫೋನ್ ಕುದುರೆ ಮೇಲೆ ಕೂತು ಹುರಿದುಂಬಿಸುತ್ತಿದ್ದಾನೆ. ಸೊತೇರಿದಾಸ್ ಎಂಬ ಸೈನಿಕ ಹೇಳುತ್ತಾನೆ: ನೀನು ಕುದುರೆ ಮೇಲಿದ್ದೀಯ, ನಾನು ಗುರಾಣಿ ಹೊತ್ತು ಸಾಯುತ್ತಿದ್ದೇನೆ. ಝೆನೊಫೋನ್ ಕೆಳಗೆ ಹಾರಿ, ಅವನನ್ನು ಸಾಲಿನಿಂದ ತಳ್ಳಿ, ಗುರಾಣಿ ಕಿತ್ತುಕೊಂಡು ತಾನೇ ಹೊತ್ತು ನಡೆದ. ಮೈಮೇಲೆ ಸವಾರರ ಭಾರದ ಕವಚ ಬೇರೆ. ನಡೆಯಲಾಗದೆ ಹಿಂದೆ ಬಿದ್ದರೂ ಮುಂದಿನವರಿಗೆ ನಡೆಯಿರಿ ಎಂದ, ಹಿಂದಿನವರಿಗೆ ನನ್ನನ್ನು ದಾಟಿ ಹೋಗಿ ಎಂದ. ಕೊನೆಗೆ ಉಳಿದ ಸೈನಿಕರೇ ಸೊತೇರಿದಾಸನನ್ನು ಬೈದು ಹೊಡೆದು ಗುರಾಣಿ ವಾಪಸು ಹೊರಿಸಿದರು.

ಇದನ್ನು ಬರೆದವನು ಝೆನೊಫೋನನೇ ಎಂಬುದು ನೆನಪಿರಲಿ. ಹಾಗಿದ್ದೂ ಅವನು ತಾನು ಕುದುರೆ ಮೇಲಿದ್ದದ್ದನ್ನು, ಕೆಳಗಿನವನು ಮುಖಕ್ಕೆ ಹೇಳಿದ್ದನ್ನು, ತಾನು ಏದುಸಿರು ಬಿಟ್ಟದ್ದನ್ನು ಮುಚ್ಚಿಟ್ಟಿಲ್ಲ.

ಬಿಯಾಸ್ ದಡದ ಪ್ರಸಂಗವನ್ನು ಇದರ ಜೊತೆ ಓದಿ. ಎಂಟು ವರ್ಷ ನಡೆದ ಸೈನಿಕರು, ಬಿಡದ ಮಳೆ, ಮುಂದೆ ಇನ್ನೂ ದೊಡ್ಡ ರಾಜ್ಯಗಳ ಸುದ್ದಿ. ಹಿರಿಯ ಸೇನಾನಿ ಕೋಯಿನಸ್ ಎಲ್ಲರ ಪರವಾಗಿ ಮಾತಾಡಿದ. ಅಲೆಕ್ಸಾಂಡರ್ ಸಿಟ್ಟಿನಿಂದ ಗುಡಾರ ಸೇರಿ ಕಾದ, ಯಾರ ಮನಸ್ಸೂ ಬದಲಾಗಲಿಲ್ಲ. ಕೊನೆಗೆ ಬಲಿಯ ಶಕುನ ಚೆನ್ನಾಗಿಲ್ಲ ಎಂಬ ಕಾರಣ ಕೊಟ್ಟು ಹಿಂದಿರುಗಿದ. ಒಪ್ಪಿಕೊಳ್ಳಲು ಗೌರವದ ದಾರಿಯೊಂದು ಸಿಕ್ಕರೆ ಹಠಮಾರಿ ನಾಯಕನೂ ತಿರುಗುತ್ತಾನೆ. ಮೇಲಿನವರನ್ನು ಒಪ್ಪಿಸಬೇಕಾದವರು ಗಮನಿಸಬೇಕಾದದ್ದು ಕೋಯಿನಸನನ್ನು.

ಹಂತ 7: ಅವರು ಹೋದ ಮೇಲೆ ಏನಾಯಿತು

ಇದಕ್ಕೆ ಹೆಚ್ಚು ಹೊತ್ತು ಬೇಡ, ಆದರೆ ಬಿಡಬೇಡಿ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತಾಗ ರಾಜ್ಯ ನಡೆಸಬಲ್ಲ ವಾರಸುದಾರನಿರಲಿಲ್ಲ, ಸೇನಾನಿಗಳು ಕಾದಾಡಿ ಹಂಚಿಕೊಂಡರು. ಪ್ರತಿ ಪುಟದ ಕೊನೆಯಲ್ಲಿ ಒಂದು ಸಾಲು: ಹತ್ತು ವರ್ಷದ ನಂತರ ಈ ನಿರ್ಧಾರದಲ್ಲಿ ಏನು ಉಳಿದಿತ್ತು?

ಹಂತ 8: ನಿಮ್ಮ ಕೆಲಸಕ್ಕೆ ತನ್ನಿ, ಹೊಂದದ್ದನ್ನು ಅಲ್ಲೇ ಬಿಡಿ

ಮೊದಲು ಹೊಂದದ್ದನ್ನು ಬರೆಯಿರಿ. ಆ ಸೈನಿಕರು ರಾಜೀನಾಮೆ ಕೊಟ್ಟು ಹೋಗುವಂತಿರಲಿಲ್ಲ. ಆ ಅರಸರ ಕೈಯಲ್ಲಿ ಪ್ರಾಣ ತೆಗೆಯುವ ಅಧಿಕಾರವಿತ್ತು. ಕಲಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು ಎಂದು ಅಶೋಕನೇ ಹದಿಮೂರನೆಯ ಶಾಸನದಲ್ಲಿ ಬರೆಸಿದ್ದಾನೆ. ಯುದ್ಧದಿಂದ ಪಾಠ ತೆಗೆಯುವವರು ಈ ಅಂಕಿಗಳನ್ನು ದಾಟಿ ಹೋಗಬಾರದು. ಮಾರುಕಟ್ಟೆಯ ಪೈಪೋಟಿಯನ್ನು ಯುದ್ಧವೆಂದು ಕರೆದು ಎದುರಾಳಿಯನ್ನು ಶತ್ರುವೆನ್ನುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ಇತಿಹಾಸಕ್ಕೂ ಅನ್ಯಾಯ, ಕೆಲಸಕ್ಕೂ ಕೇಡು.

ಆಮೇಲೆ ಹೊಂದುವ ಒಂದೇ ಒಂದು ಅಂಶವನ್ನು ಸಣ್ಣ ಅಭ್ಯಾಸವಾಗಿ ಬದಲಿಸಿ. ಕಲಿಂಗವನ್ನೇ ನೋಡಿ. ಪಶ್ಚಾತ್ತಾಪದ ಆ ಶಾಸನವನ್ನು ಅಶೋಕ ಕಲಿಂಗದ ಧೌಲಿ, ಜೌಗಡಗಳಲ್ಲಿ ಕೆತ್ತಿಸಲಿಲ್ಲ. ಅಲ್ಲಿ ಅದರ ಬದಲು ಎರಡು ಪ್ರತ್ಯೇಕ ಶಾಸನಗಳಿವೆ, ಅವು ಅಧಿಕಾರಿಗಳಿಗೆ ಬರೆದವು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದ ಮೇಲೆ ಅವನು ನೇರ ಕೆಲಸಕ್ಕೆ ಇಳಿಯುತ್ತಾನೆ. ಕಾರಣವಿಲ್ಲದೆ ಯಾರೂ ಸೆರೆಮನೆ ಸೇರಬಾರದು. ಅಸೂಯೆ, ಮುಂಗೋಪ, ಕ್ರೌರ್ಯ, ಆತುರ, ಸೋಮಾರಿತನ, ದಣಿವು ಇವುಗಳಿಂದ ನ್ಯಾಯ ಕೆಡುತ್ತದೆ. ಈ ಶಾಸನವನ್ನು ತಿಷ್ಯ (ಪುಷ್ಯ) ನಕ್ಷತ್ರದ ದಿನಗಳಲ್ಲಿ ಓದಿ ಕೇಳಿಸಬೇಕು, ಸಂದರ್ಭ ಬಂದರೆ ಕೇಳುವವನು ಒಬ್ಬನೇ ಇದ್ದರೂ ಸರಿ. ಐದು ವರ್ಷಕ್ಕೊಮ್ಮೆ ಮೃದು ಸ್ವಭಾವದ ಅಧಿಕಾರಿಯೊಬ್ಬ ತಪಾಸಣೆಗೆ ಬರುತ್ತಾನೆ. ಕಲಿಂಗಕ್ಕೆ ಸ್ವಾತಂತ್ರ್ಯವನ್ನೇನೂ ಅವನು ಮರಳಿ ಕೊಡಲಿಲ್ಲ, ಅಡವಿಯ ಜನರಿಗೆ ತನ್ನ ಬಲದ ಎಚ್ಚರಿಕೆಯನ್ನೂ ಕೊಟ್ಟ. ಎರಡನ್ನೂ ಪುಟದಲ್ಲಿ ಬರೆದುಕೊಳ್ಳಿ.

ಇದರಿಂದ ನಿಮ್ಮ ಕೆಲಸಕ್ಕೆ ಬರುವ ಅಭ್ಯಾಸ ಹೀಗಿರಬಹುದು: ತಪ್ಪಾದಾಗ ವಿಷಾದ ಹೇಳಿ ಮುಗಿಸದೆ, ಅದು ಮರುಕಳಿಸದಂತೆ ಯಾರು, ಏನನ್ನು, ಯಾವಾಗ ಮಾಡಬೇಕು, ಅದನ್ನು ಯಾರು ಪರೀಕ್ಷಿಸಬೇಕು ಎಂದು ಒಂದೇ ಹಾಳೆಯಲ್ಲಿ ಬರೆದು ಸಂಬಂಧಪಟ್ಟವರಿಗೆ ಓದಿ ಹೇಳುವುದು. ಒಂದು ನಿರ್ಧಾರಕ್ಕೆ ಒಂದೇ ಅಭ್ಯಾಸ. ಅದರಿಂದ ಏನು ಬದಲಾಗಬೇಕೆಂದು ನಿರೀಕ್ಷಿಸುತ್ತೀರಿ ಎಂದು ಮೊದಲೇ ಬರೆದು, ದಿನಾಂಕ ಹಾಕಿ, ಮೂರು ತಿಂಗಳ ನಂತರ ಅದೇ ಪುಟಕ್ಕೆ ಬಂದು ಹೋಲಿಸಿ. ಬದಲಾಗಿಲ್ಲವೆಂದರೆ ಆ ಅಭ್ಯಾಸ ಬಿಟ್ಟುಬಿಡಿ, ಅದು ಅಶೋಕನದ್ದೇ ಆಗಿದ್ದರೂ ಸರಿ. ಆಮೇಲೆ ಮುಂದಿನ ನಿರ್ಧಾರ ಆರಿಸಿಕೊಳ್ಳಿ. ಮೊದಲ ಓದಿಗೆ ಫೇಬಿಯಸ್‌ನಿಂದ ಸ್ಕಿಪಿಯೊವರೆಗಿನ ಹದಿನೈದು ವರ್ಷಗಳನ್ನು ಸೂಚಿಸುತ್ತೇನೆ. ಗೆಲುವು, ಸೋಲು, ಅನುಮಾನ, ಕ್ಷಮೆ, ಅನ್ಯಾಯ ಎಲ್ಲವೂ ಅಲ್ಲಿ ಒಂದರ ಹಿಂದೆ ಒಂದು ಸಿಗುತ್ತವೆ.